ವೈಫೈ ಹೋಯಿತೋ, ನೆಟ್ ಹೋಯಿತೋ?



“ಉಮ್ಮಾ, ವೈಫೈ ಹೋಯ್ತು!”

ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿರುವ ತಾಯಿಗೆ ಈ ಕೂಗು ದಿನಕ್ಕೆ ಎಷ್ಟು ಸಲ ಕೇಳಿಸುತ್ತದೆ? ಬಹುತೇಕ ಮನೆಗಳಲ್ಲಿ ಇದಕ್ಕಿರುವುದು ಒಂದೇ ಔಷಧಿ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ರೂಟರ್‌ನ ಸ್ವಿಚ್ ಆಫ್ ಮಾಡಿ ಆನ್ ಮಾಡುವುದು. ಸರಿಹೋದರೆ ಅಲ್‌ಹಮ್‌ದುಲಿಲ್ಲಾಹ್. ಸರಿಹೋಗದಿದ್ದರೆ ಮನೆಯ ಗಂಡಸರು ಬರುವವರೆಗೆ ಕಾಯುವುದು. ಗಂಡಸರು ಬಂದು ಮಾಡುವುದೂ ಅದನ್ನೇ, ಆಫ್ ಮತ್ತು ಆನ್!

ಇದು ಮೊಬೈಲ್ ನೋಡುವ ಮಕ್ಕಳ ತೊಂದರೆ, ನಮಗೇನು ಎಂದು ತಳ್ಳಿಹಾಕಬೇಡಿ. ಪತಿ ಗಲ್ಫ್‌ನಲ್ಲಿರುವ ಮನೆಯನ್ನು ನೆನೆದುಕೊಳ್ಳಿ. ಇಡೀ ದಿನ ದುಡಿದು ರಾತ್ರಿ ಕೋಣೆಗೆ ಬಂದವನು ವೀಡಿಯೋ ಕರೆ ಮಾಡುತ್ತಾನೆ. ಮಾತು ಶುರುವಾಗಿ ಎರಡು ನಿಮಿಷಕ್ಕೆ ಅವಳ ಮುಖ ಪರದೆಯ ಮೇಲೆ ಹೆಪ್ಪುಗಟ್ಟುತ್ತದೆ. ಮತ್ತೆ ಮಾಡುತ್ತಾನೆ, ಮತ್ತೆ ಕಡಿಯುತ್ತದೆ. ಮೂರನೆಯ ಸಲ ಅವನ ಸ್ವರ ಬದಲಾಗುತ್ತದೆ. “ನೀನೇ ಕಟ್ ಮಾಡುತ್ತಿದ್ದೀಯಾ?” ಇಂತಹ ಮಾತು ಕೇಳಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳು ನನ್ನ ಬಳಿ ಹೇಳಿಕೊಂಡದ್ದುಂಟು. ಸಾಸಿವೆಯಷ್ಟು ತಾಂತ್ರಿಕ ದೋಷ ಬೆಟ್ಟದಷ್ಟು ಸಂಶಯವಾಗುತ್ತದೆ. ಆ ದೋಷ ಎಲ್ಲಿದೆ ಎಂದು ತೋರಿಸಿ ಹೇಳಲು ಅವಳಿಗೆ ಗೊತ್ತಿದ್ದರೆ?

ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ವೈಫೈ ಬೇರೆ, ನೆಟ್ ಬೇರೆ. ನಿಮ್ಮ ಫೋನಿನಿಂದ ರೂಟರ್‌ವರೆಗಿನ ತಂತಿಯಿಲ್ಲದ ದಾರಿ ವೈಫೈ. ರೂಟರ್‌ನಿಂದ ಹೊರಗೆ ಕಂಬ ಕಂಬ ದಾಟಿ ಹೋಗುವ ದಾರಿ ನೆಟ್. ಮನೆಯ ನಲ್ಲಿಯಲ್ಲಿ ನೀರು ಬರದಿದ್ದಾಗ ನಾವು ಏನು ಮಾಡುತ್ತೇವೆ? ಟ್ಯಾಂಕ್ ಖಾಲಿಯೋ, ಪೈಪ್ ಕಟ್ಟಿದೆಯೋ ಎಂದು ಮೊದಲು ನೋಡುತ್ತೇವೆ ತಾನೇ? ಇದೂ ಹಾಗೆಯೇ.

ನೋಡುವುದು ಹೇಗೆ? ಫೋನಿನ ಮೇಲ್ಭಾಗದಲ್ಲಿ ಬೀಸಣಿಗೆಯಂತಹ ಚಿಹ್ನೆ ಇರುತ್ತದಲ್ಲ, ಅದೇ ನಿಮ್ಮ ಸಾಕ್ಷಿ. ಬೀಸಣಿಗೆ ಪೂರ್ತಿ ಮಾಯವಾಗಿದ್ದರೆ ಫೋನು ರೂಟರ್‌ನ ಕೈ ಬಿಟ್ಟಿದೆ ಎಂದರ್ಥ. ಬೀಸಣಿಗೆ ಇದ್ದು ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಾಣುತ್ತಿದ್ದರೆ ರೂಟರ್‌ವರೆಗಿನ ದಾರಿ ಸರಿಯಾಗಿದೆ, ಅದರಾಚೆ ತೊಂದರೆ. ಆನಂತರ ಮನೆಯ ಇನ್ನೊಂದು ಫೋನನ್ನು ನೋಡಿ. ಎಲ್ಲದರಲ್ಲೂ ಹೋಗಿದೆಯೇ, ಒಂದರಲ್ಲಿ ಮಾತ್ರವೇ? ಕೊನೆಗೆ ರೂಟರ್‌ನ ದೀಪಗಳನ್ನು ನೋಡಿ. ಫೈಬರ್ ಸಂಪರ್ಕವಾದರೆ ‘ಪಾನ್’ ಎಂಬ ದೀಪ ಹಸಿರಾಗಿ ಅಲುಗಾಡದೆ ಉರಿಯುತ್ತಿರಬೇಕು. ‘ಎಲ್.ಓ.ಎಸ್.’ ಎಂದು ಬರೆದ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬರಬೇಕಾದ ಬೆಳಕೇ ಪೆಟ್ಟಿಗೆಗೆ ಬರುತ್ತಿಲ್ಲ. ಆಗ ನೀವು ನೂರು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ. ಎಲ್ಲೋ ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿರಬಹುದು, ಇಲಿ ಕಡಿದಿರಬಹುದು, ಇಲ್ಲವೇ ಮನೆಯೊಳಗೇ ಬೀರುವನ್ನು ಸರಿಸುವಾಗ ತಂತಿ ಮಡಚಿಹೋಗಿರಬಹುದು. ಫೈಬರ್ ಎಂದರೆ ಕೂದಲೆಳೆಯಷ್ಟು ಸಣ್ಣ ಗಾಜು. ವಿದ್ಯುತ್ ತಂತಿಯಂತೆ ಅದನ್ನು ಮೊಳೆಗೆ ಸುತ್ತಿ ಬಿಗಿಯುವಂತಿಲ್ಲ. ಮಡಿಕೆ ಬಿದ್ದ ಕಡೆ ಬೆಳಕು ಸೋರಿಹೋಗುತ್ತದೆ.

ಇಷ್ಟು ನೋಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ವೈಫೈಯದ್ದು. ನಿಜವಾದ ತಲೆನೋವು ಇರುವುದು ಅಲ್ಲಿಯೇ.

ಕೊಡಗಿನವರಾದ ನಮಗೆ ನೆಟ್ ಎನ್ನುವುದು ಬೆಟ್ಟ ಹತ್ತಿ ತರಬೇಕಾದ ವಸ್ತುವಾಗಿತ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ಅವರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟ ಕಟ್ಟಿ ಅಲ್ಲಿಂದ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ದಿನಗಳಲ್ಲಿ ಮಕ್ಕಳು ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಪಾಠ ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಈಗ ಫೈಬರ್ ತಂತಿ ಅನೇಕ ಊರುಗಳಿಗೆ ಬಂದಿದೆ. ಬೆಟ್ಟದ ತುದಿಯಲ್ಲಿ ಸಿಗುತ್ತಿದ್ದ ನೆಟ್ ಮನೆಯ ಪಡಸಾಲೆಗೆ ಬಂದು ಕುಳಿತಿದೆ. ಆದರೆ ಪಡಸಾಲೆಯಿಂದ ಅಡುಗೆಮನೆಗೆ ಬರುವುದರೊಳಗೆ ಕಳೆದುಹೋಗುತ್ತದೆ!

ಕಾರಣ ನಮ್ಮ ಮನೆಗಳೇ. ಮಾದಾಪುರದ ಸುತ್ತಮುತ್ತ ಎರಡು ಬಗೆಯ ಮನೆಗಳಿವೆ. ಒಂದು, ತೋಟದ ನಡುವಿನ ಹಳೆಯ ಮನೆ. ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆ, ಉದ್ದಕ್ಕೆ ಸಾಲು ಕೋಣೆಗಳು, ಹಿಂದುಗಡೆ ತಗಡಿನ ಶೀಟ್ ಹಾಕಿದ ಇಳಿಮಾಡು. ಇನ್ನೊಂದು, ಒತ್ತೊತ್ತಾಗಿ ಕಟ್ಟಿದ ಕಾಂಕ್ರೀಟ್ ಮನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಮನೆಮಠ ಕಳೆದುಕೊಂಡವರಿಗಾಗಿ ಜಂಬೂರಿನಲ್ಲಿ ಸರ್ಕಾರ ಕಟ್ಟಿಸಿ 2020ರಲ್ಲಿ ಹಸ್ತಾಂತರಿಸಿದ ಮನೆಗಳು ಈ ಬಗೆಯವು. ಎರಡೂ ಕಡೆ ವೈಫೈ ಕಡಿಯುತ್ತದೆ, ಆದರೆ ಎರಡಕ್ಕೂ ಕಾರಣ ಒಂದೇ ಅಲ್ಲ. ತೋಟದ ಮನೆಯಲ್ಲಿ ಗೋಡೆ ಅಡ್ಡ ಬರುತ್ತದೆ, ಸಾಲು ಮನೆಯಲ್ಲಿ ನೆರೆಮನೆ ಅಡ್ಡ ಬರುತ್ತದೆ. ಪಟ್ಟಣದ ಬಾಡಿಗೆ ಮನೆಯಲ್ಲಿರುವ ಓದುಗರು ತಮ್ಮನ್ನು ಎರಡನೆಯ ಗುಂಪಿಗೆ ಸೇರಿಸಿಕೊಳ್ಳಬಹುದು.

ಮೊದಲು ಗೋಡೆಯ ವಿಷಯ. ಇಂದಿನ ಹೆಚ್ಚಿನ ರೂಟರ್‌ಗಳು ಎರಡು ಸ್ವರದಲ್ಲಿ ಮಾತಾಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಲೆಕ್ಕ ಕಂಡು ಹೆದರಬೇಡಿ. ಮೊದಲನೆಯದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದು ಬಹಳ ವೇಗ, ಆದರೆ ಗೋಡೆ ಎದುರಾದರೆ ಸೋಲುತ್ತದೆ. ಪಡಸಾಲೆಯಲ್ಲಿ 5ರಲ್ಲಿದ್ದ ಫೋನು ನೀವು ಒಳಗೆ ನಡೆದಂತೆ ಬಳಲಿ, ಅದನ್ನು ಬಿಟ್ಟು 2.4ನ್ನು ಹುಡುಕಿಕೊಳ್ಳುತ್ತದೆ. ಆ ಬಿಟ್ಟು ಹಿಡಿಯುವ ಗಳಿಗೆಯಲ್ಲೇ ನಿಮ್ಮ ಕರೆ ಕಡಿಯುವುದು. ಆದ್ದರಿಂದ ಮುಖ್ಯವಾದ ಕರೆ ಬಂದಾಗ ನಡೆದಾಡುತ್ತಾ ಮಾತಾಡಬೇಡಿ. ರೂಟರ್ ಇರುವ ಕೋಣೆಯಲ್ಲಿ ಕುಳಿತು ಮಾತಾಡಿ. ಅತ್ತೆ, ಮಾವ ಕುಳಿತಿರುವ ಪಡಸಾಲೆಯಲ್ಲಿ ಗಂಡನೊಡನೆ ಹೇಗೆ ಮಾತಾಡಲಿ ಎನ್ನುತ್ತೀರಾ? ಹೌದು, ಅದೂ ಒಂದು ಪ್ರಶ್ನೆಯೇ. ಹಾಗಾದರೆ ರೂಟರನ್ನೇ ಒಳಗೆ ತನ್ನಿ. ತಂತಿ ತಂದವನು ಬಾಗಿಲ ಹತ್ತಿರ ಎಲ್ಲಿ ಸುಲಭವೋ ಅಲ್ಲಿ ಮೊಳೆ ಹೊಡೆದು ಹೋಗಿರುತ್ತಾನೆ. ಅವನ ಅನುಕೂಲಕ್ಕೆ ನಮ್ಮ ಮನೆ ನಡೆಯಬೇಕೇ? ಹೊಸದಾಗಿ ಹಾಕಿಸುವವರು ಮೊದಲೇ ಹೇಳಿ, ಮನೆಯ ನಡುಭಾಗಕ್ಕೆ ತಂತಿ ಎಳೆಸಿ. ಈಗಾಗಲೇ ಇರುವವರು ಹತ್ತಿಪ್ಪತ್ತು ಮೀಟರ್ ತಂತಿಗೆ ಸ್ವಲ್ಪ ಹಣ ಕೊಟ್ಟರೂ ನಷ್ಟವಿಲ್ಲ.

ರೂಟರನ್ನು ಎತ್ತರದಲ್ಲಿ, ಬಯಲಾಗಿ ಇಡಿ. ಚೆನ್ನಾಗಿ ಕಾಣುವುದಿಲ್ಲವೆಂದು ಕಪಾಟಿನೊಳಗೆ ಮುಚ್ಚಿಡುವುದು, ಟಿವಿಯ ಹಿಂದೆ ತುರುಕುವುದು, ಮೇಲೆ ಕಸೂತಿ ಬಟ್ಟೆ ಹೊದಿಸುವುದು ಬೇಡ. ಬಟ್ಟೆ ಹೊದಿಸಿದರೆ ಸೆಕೆಯಿಂದ ಅದು ತಾನಾಗಿಯೇ ನಿಂತು ಮತ್ತೆ ಶುರುವಾಗಬಹುದು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್, ನೀರಿನ ಟ್ಯಾಂಕ್ ಇವೆಲ್ಲ ಅಲೆಗಳನ್ನು ತಡೆಯುತ್ತವೆ ಅಥವಾ ನುಂಗುತ್ತವೆ. ತಗಡಿನ ಶೀಟ್ ಅಂತೂ ಗೋಡೆಗಿಂತಲೂ ಕಠಿಣ. ಮೈಕ್ರೋವೇವ್ ಒಲೆ ಇರುವವರು ಒಂದನ್ನು ಗಮನಿಸಿ. ಅದು ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ, ಅಂದರೆ ವೈಫೈಯ ಜಾಗದಲ್ಲಿಯೇ. ಒಲೆಯಿಂದ ಸೋರುವ ಅಲ್ಪ ಅಲೆ ನಮ್ಮ ಆರೋಗ್ಯಕ್ಕೆ ತೊಂದರೆ ಕೊಡದಿದ್ದರೂ ವೈಫೈಯ ಕಿವಿ ಕಿವುಡಾಗಿಸಲು ಸಾಕು. ಸಾರು ಬಿಸಿ ಮಾಡುವಾಗಲೆಲ್ಲ ಮಗಳ ತರಗತಿ ನಿಲ್ಲುತ್ತಿದ್ದರೆ ಕಾರಣ ಬೇರೆಲ್ಲೂ ಹುಡುಕಬೇಡಿ.

ಇನ್ನು ನೆರೆಮನೆಯ ವಿಷಯ. 2.4 ಗಿಗಾಹರ್ಟ್ಸ್‌ನ ಅಲೆಯನ್ನು ಪರವಾನಗಿಯಿಲ್ಲದೆ ಬಳಸಲು ನಮ್ಮ ದೇಶದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಯಾರೂ ಬಳಸಬಹುದಾದ ದಾರಿಯಲ್ಲಿ ಜನಜಂಗುಳಿ ಇರುವುದು ಸಹಜ ತಾನೇ? ಮದುವೆ ಮನೆಯಲ್ಲಿ ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಮಾತಾಡುವುದನ್ನು ನೆನೆದುಕೊಳ್ಳಿ. ಒಬ್ಬರ ಮಾತು ನಿಂತಾಗ ಇನ್ನೊಬ್ಬರು ಶುರು ಮಾಡಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಯಾರಿಗೂ ಕೇಳಿಸುವುದಿಲ್ಲ, ಇಬ್ಬರೂ ಮತ್ತೆ ಹೇಳಬೇಕು. ವೈಫೈಯ ಮರ್ಯಾದೆಯೂ ಇದೇ. ಮಾತಾಡುವ ಮೊದಲು ಕಿವಿಗೊಡುವುದು, ಡಿಕ್ಕಿಯಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸುವುದು. ಡಿಕ್ಕಿಯಾದರೆ ಸುಮ್ಮನಿದ್ದು ಮತ್ತೆ ಪ್ರಯತ್ನಿಸುವ ಯೋಚನೆಯ ಮೂಲ ಎಲ್ಲಿದೆ ಗೊತ್ತೇ? ಹವಾಯಿ ದ್ವೀಪಗಳಲ್ಲಿ. 1971ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದವರು ಬೇರೆ ಬೇರೆ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಸಮುದ್ರ ಮತ್ತು ಬೆಟ್ಟ ನಡುವಿದ್ದುದರಿಂದ ತಂತಿ ಎಳೆಯುವುದು ಅವರಿಗೂ ಕಷ್ಟವಾಗಿತ್ತು. ನಮ್ಮ ಕಷ್ಟವನ್ನು ಬಲ್ಲ ಜನ!

2.4ರಲ್ಲಿ ‘ಚಾನೆಲ್’ ಎಂಬ ಓಣಿಗಳು ಹಲವಿದ್ದರೂ ಒಂದಕ್ಕೊಂದು ತಾಗದೆ ಹೋಗುವವು 1, 6 ಮತ್ತು 11 ಈ ಮೂರೇ. ಅಕ್ಕಪಕ್ಕದ ಹತ್ತು ಮನೆಗಳ ರೂಟರ್‌ಗಳೆಲ್ಲ 6ರಲ್ಲಿ ನಿಂತಿದ್ದರೆ ನೀವು 1 ಅಥವಾ 11ಕ್ಕೆ ಹೋಗಿ. ಯಾರು ಎಲ್ಲಿದ್ದಾರೆ ಎಂದು ತೋರಿಸುವ ಉಚಿತ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿಗೆ ಸಿಗುತ್ತವೆ. ಬದಲಿಸುವುದು ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ. ಅದರ ವಿಳಾಸ, ಹೆಸರು, ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಅಂಟಿಸಿರುತ್ತದೆ, ವಿಳಾಸ ಹೆಚ್ಚಾಗಿ 192.168.1.1. ಹತ್ತನೆಯ ತರಗತಿಯ ಮಗಳಿಗೆ ಹೇಳಿ, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾಳೆ. ಸಾಲು ಮನೆಯವರು ಟಿವಿ ಮತ್ತು ಹೊಸ ಫೋನ್‌ಗಳನ್ನು 5ಕ್ಕೆ ಜೋಡಿಸಿದರೆ ಇನ್ನೂ ಒಳ್ಳೆಯದು. ಅಲ್ಲಿ ಓಣಿಗಳೂ ಹೆಚ್ಚು, ನೆರೆಮನೆಯ ಅಲೆ ಗೋಡೆ ದಾಟಿ ಬರುವುದೂ ಕಡಿಮೆ. ತೋಟದ ಮನೆಯಲ್ಲಿ ಶಾಪವಾದ ಗುಣ ಇಲ್ಲಿ ವರವಾಗುತ್ತದೆ.

ಎಲ್ಲ ಫೋನ್‌ಗಳೂ ಸರಿಯಿದ್ದು ಒಂದು ವಸ್ತು ಮಾತ್ರ ಪದೇ ಪದೇ ಬಿಟ್ಟುಹೋಗುತ್ತಿದ್ದರೆ? ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು ಒತ್ತಿ ‘ಮರೆತುಬಿಡು’ ಎಂಬುದನ್ನು ಆರಿಸಿ, ಮತ್ತೆ ಪಾಸ್‌ವರ್ಡ್ ಹಾಕಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಆಗಿದ್ದರೆ ಪರದೆ ಆರಿದೊಡನೆ ಕೆಲವು ಫೋನ್‌ಗಳು ವೈಫೈಯನ್ನೂ ಮಲಗಿಸುತ್ತವೆ. ಕರೆ ಬಂದದ್ದೇ ಗೊತ್ತಾಗಲಿಲ್ಲ ಎನ್ನುವವರು ಇದನ್ನು ನೋಡಲೇಬೇಕು.

ಗೇಟಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಪ್ರಿಂಟರ್ ಇವುಗಳದ್ದು ಬೇರೆ ಕಥೆ. ಇವುಗಳಲ್ಲಿ ಹೆಚ್ಚಿನವುಗಳಿಗೆ 2.4 ಮಾತ್ರ ಅರ್ಥವಾಗುತ್ತದೆ. ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡು ‘ಇಲ್ಲಿಂದ ಅಲ್ಲಿಗೆ ಹೋಗು’ ಎಂದು ದೂಡಿದಾಗ ಅವು ದಿಕ್ಕು ತಪ್ಪುತ್ತವೆ. 2.4ಕ್ಕೆ ಒಂದು ಹೆಸರು, 5ಕ್ಕೆ ಇನ್ನೊಂದು ಹೆಸರು ಕೊಟ್ಟು ಈ ಬಡಪಾಯಿಗಳನ್ನು 2.4ರಲ್ಲಿ ಕಟ್ಟಿಹಾಕಿ. ಹೊಸ ರೂಟರ್ ಬಂದ ದಿನದಿಂದ ಹಳೆಯ ಕ್ಯಾಮೆರಾ ಸೇರುತ್ತಿಲ್ಲವಾದರೆ ಭದ್ರತೆಯ ಜಾಗದಲ್ಲಿ ‘ಡಬ್ಲ್ಯುಪಿಎ3’ ಮಾತ್ರ ಎಂದಿದೆಯೇ ನೋಡಿ. ಹಳೆಯ ವಸ್ತುಗಳಿಗೆ ‘ಡಬ್ಲ್ಯುಪಿಎ2’ ಬೇಕು. ಎರಡನ್ನೂ ಸೇರಿಸಿದ ಆಯ್ಕೆಯೂ ಅಲ್ಲೇ ಇರುತ್ತದೆ.

ಮತ್ತೊಂದು ದೋಷವಿದೆ, ಇದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ರೂಟರ್ ಪ್ರತಿ ವಸ್ತುವಿಗೂ ಒಂದೊಂದು ಸಂಖ್ಯೆ ಕೊಡುತ್ತದೆ, ಪಡಿತರ ಅಂಗಡಿಯ ಟೋಕನ್ ಇದ್ದ ಹಾಗೆ. ಅದಕ್ಕೆ ಅವಧಿಯೂ ಇರುತ್ತದೆ. ನೆಟ್‌ನವರು ಕೊಟ್ಟ ಪೆಟ್ಟಿಗೆ ಸಾಲದೆಂದು ಪೇಟೆಯಿಂದ ಇನ್ನೊಂದು ರೂಟರ್ ತಂದು ಜೋಡಿಸಿದ ಮನೆಗಳಲ್ಲಿ ಕೆಲವೊಮ್ಮೆ ಎರಡೂ ಟೋಕನ್ ಹಂಚಲು ಕುಳಿತುಬಿಡುತ್ತವೆ. ಒಂದೇ ಸಂಖ್ಯೆ ಇಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ? ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಅಕ್ಕನ ಫೋನು ಸೇರಿದೊಡನೆ ಟಿವಿ ಬಿಟ್ಟುಹೋಗುವ ಮನೆಗಳಲ್ಲಿ ಇದನ್ನು ಶಂಕಿಸಿ. ಪರಿಹಾರ, ಎರಡನೆಯದನ್ನು ‘ಆ್ಯಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಗೆ ಬದಲಿಸುವುದು. ಆಗ ಟೋಕನ್ ಹಂಚುವ ಅಧಿಕಾರ ಒಂದೇ ಪೆಟ್ಟಿಗೆಗೆ ಉಳಿಯುತ್ತದೆ. ಒಂದು ಮನೆಗೆ ಇಬ್ಬರು ಯಜಮಾನರು ಆಗದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ.

ಸಿಗ್ನಲ್ ಹಿಗ್ಗಿಸುವ ಎಕ್ಸ್‌ಟೆಂಡರ್ ತಂದು ಸಿಗ್ನಲ್ ಬರದ ಕೋಣೆಯಲ್ಲೇ ಇಡುವವರು ಬಹಳ. ಅಲ್ಲಿಗೆ ಏನೂ ಬರದಿದ್ದ ಮೇಲೆ ಅದು ಏನನ್ನು ಹಿಗ್ಗಿಸಬೇಕು? ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ಕಣದಾಚೆಯ ಇನ್ನೊಂದು ಮನೆಗೆ ಬೇಕಾದರೆ ಎಕ್ಸ್‌ಟೆಂಡರ್ ನಂಬಬೇಡಿ. ಮಳೆಯಲ್ಲಿ ನೆನೆದ ಮರದ ಎಲೆಗಳು ಅಲೆಯನ್ನು ಕುಡಿದುಬಿಡುತ್ತವೆ. ಲ್ಯಾನ್ ತಂತಿಯನ್ನೇ ಎಳೆಯಿರಿ, ಅದು 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಹೋಗುತ್ತದೆ.

ಕೊನೆಗೆ ಕರೆಂಟ್. ನನ್ನ ಅಭಿಪ್ರಾಯದಲ್ಲಿ ಕೊಡಗಿನಲ್ಲಿ ಅರ್ಧಕ್ಕರ್ಧ ದೂರುಗಳ ಬೇರು ಇಲ್ಲಿದೆ. ಮಳೆಗಾಲದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಂತೆ ಹೋಗಿ ಬರುತ್ತದೆ. ಬಲ್ಬ್ ಒಮ್ಮೆ ಮಂಕಾಗಿ ಮತ್ತೆ ಉರಿಯಿತು, ಅಷ್ಟೇ ಎಂದು ನಾವು ತಿಳಿಯುತ್ತೇವೆ. ಆದರೆ ರೂಟರ್ ಅಷ್ಟರಲ್ಲಿ ಸತ್ತು ಹುಟ್ಟಿರುತ್ತದೆ, ಪೂರ್ತಿ ಎಚ್ಚರವಾಗಲು ಅದಕ್ಕೆ ಎರಡು ಮೂರು ನಿಮಿಷ ಬೇಕು. ಮನೆಯಲ್ಲಿ ಇನ್‌ವರ್ಟರ್ ಇದ್ದರೂ ಬದಲಾಗುವ ಆ ಕ್ಷಣದಲ್ಲಿ ಕೆಲವು ರೂಟರ್‌ಗಳು ಆರುತ್ತವೆ. ಇದಕ್ಕೆಂದೇ ಅಂಗೈಯಗಲದ ಚಿಕ್ಕ ಯುಪಿಎಸ್‌ಗಳು ಸಿಗುತ್ತವೆ. ಕೊಳ್ಳುವಾಗ ರೂಟರ್‌ನ ಅಡಾಪ್ಟರ್ ಮೇಲೆ ಬರೆದದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. 12 ವೋಲ್ಟ್ ಎಂದಿದ್ದರೆ 12 ವೋಲ್ಟಿನದ್ದೇ ಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಅಡಾಪ್ಟರ್ ಹಳೆಯದಾದರೂ ಇದೇ ರೋಗ. ಎಲ್ಲರೂ ಒಟ್ಟಿಗೆ ಬಳಸುವಾಗ ರೂಟರ್‌ನ ಎಲ್ಲ ದೀಪಗಳೂ ಒಮ್ಮೆಲೇ ಆರಿ ಹೊತ್ತಿಕೊಂಡರೆ ರೂಟರ್ ಬದಲಿಸುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ ಕೀಳಿ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಕರೆಂಟಿನ ತಂತಿಯಲ್ಲೂ ಹೊರಗೆ ಎಳೆದ ಲ್ಯಾನ್ ತಂತಿಯಲ್ಲೂ ಹರಿಯುತ್ತದೆ. ಎರಡನ್ನೂ ತೆಗೆದಿಡಿ.

ಆಫ್ ಆನ್ ಮಾಡುವುದು ತಪ್ಪೇ? ಖಂಡಿತ ಅಲ್ಲ. ಅರ್ಧ ನಿಮಿಷ ಆರಿಸಿಟ್ಟರೆ ರೂಟರ್‌ನ ನೆನಪಿನ ಗೋಜಲು ಅಳಿಯುತ್ತದೆ, ಹೊಸ ಓಣಿ ಹುಡುಕಿಕೊಳ್ಳುತ್ತದೆ. ಆದರೆ ಹಿಂಬದಿಯ ಸಣ್ಣ ತೂತಿನೊಳಗೆ ಪಿನ್ ಚುಚ್ಚಿ ಒತ್ತುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ಅದು ಆಫ್ ಆನ್ ಅಲ್ಲ. ನೆಟ್‌ನವರು ತುಂಬಿಸಿಟ್ಟ ಹೆಸರು, ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗಬಹುದು. ಆಮೇಲೆ ಅವರು ಬಂದು ಮತ್ತೆ ತುಂಬಿಸುವವರೆಗೆ ಇಡೀ ಮನೆಗೆ ನೆಟ್ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ತಮ್ಮ ಪಿನ್ ಚುಚ್ಚಿ, ಅಕ್ಕ ಮರುದಿನ ನೆರೆಮನೆಗೆ ಓಡಿದ ಪ್ರಸಂಗ ನಮ್ಮೂರಿನಲ್ಲೇ ನಡೆದಿದೆ.

ನೆರೆಮನೆ ಎಂದಾಗ ಪಾಸ್‌ವರ್ಡ್ ನೆನಪಾಯಿತು. ಬಂದ ಅತಿಥಿಗಳಿಗೆಲ್ಲ ಕೊಟ್ಟ ಪಾಸ್‌ವರ್ಡ್ ಅವರ ಫೋನಿನಲ್ಲೇ ಉಳಿಯುತ್ತದೆ. ಸಣ್ಣ ರೂಟರ್‌ಗೆ ಹೊರೆ ಹೆಚ್ಚಾದರೆ ಅದೂ ಒಬ್ಬೊಬ್ಬರನ್ನೇ ಕೈಬಿಡುತ್ತದೆ. ಅತಿಥಿಗಳಿಗೆ ಬೇರೆ ಹೆಸರಿನ ‘ಗೆಸ್ಟ್’ ವೈಫೈ ತೆರೆಯುವ ಸೌಲಭ್ಯ ಹೆಚ್ಚಿನ ರೂಟರ್‌ಗಳಲ್ಲಿದೆ. ಅತಿಥಿ ಸತ್ಕಾರವೂ ಆಯಿತು, ಮನೆಯ ಬೀಗವೂ ಉಳಿಯಿತು. ಪಾಸ್‌ವರ್ಡೇ ಇಲ್ಲದೆ ತೆರೆದಿಡುವುದಂತೂ ಬೇಡವೇ ಬೇಡ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟದ ಇಮೇಲ್ ಕಳುಹಿಸಲು ಬಳಕೆಯಾದದ್ದು ನವಿ ಮುಂಬಯಿಯಲ್ಲಿ ಬೀಗವಿಲ್ಲದ ಒಂದು ಮನೆಯ ವೈಫೈ. ಪೊಲೀಸರು ಮೊದಲು ಬಂದದ್ದು ಆ ಮನೆಗೇ.

ಗಲ್ಫ್‌ನ ಕರೆಗೆ ಸಂಬಂಧಿಸಿ ಒಂದು ಮಾತು ಉಳಿದಿದೆ. ಯುಎಇಯಲ್ಲಿ ವಾಟ್ಸಪ್‌ನ ಧ್ವನಿ ಮತ್ತು ವೀಡಿಯೋ ಕರೆಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಅದಕ್ಕೇ ಅಲ್ಲಿರುವವರು ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್‌ಗಳನ್ನು ಬಳಸುವುದು. ಸಂದೇಶ ಹೋಗುತ್ತದೆ, ಕರೆ ಮಾತ್ರ ಜೋಡಣೆಯಾಗುವುದಿಲ್ಲ ಎಂದರೆ ನಿಮ್ಮ ರೂಟರ್ ನಿರಪರಾಧಿ. ಕರೆ ಅರ್ಧದಲ್ಲಿ ಕಡಿದಾಗ ನಿಮ್ಮ ಬೀಸಣಿಗೆ ತುಂಬಿಯೇ ಇದ್ದು, ಅದೇ ಹೊತ್ತಿಗೆ ಬೇರೆ ಏನನ್ನಾದರೂ ತೆರೆದರೆ ಸಲೀಸಾಗಿ ಬರುತ್ತಿದ್ದರೆ ಹೆಚ್ಚಾಗಿ ಅವರ ಕೋಣೆಯ ಕಡೆಯೇ ತೊಂದರೆ. ಒಂದು ಕೋಣೆಯಲ್ಲಿ ಏಳೆಂಟು ಮಂದಿ ಒಂದೇ ವೈಫೈ ಹಂಚಿಕೊಂಡಿರುತ್ತಾರೆ, ಎಲ್ಲರೂ ಮನೆಗೆ ಕರೆ ಮಾಡುವುದು ರಾತ್ರಿಯ ಒಂದೇ ಹೊತ್ತಿಗೆ. ಪರದೆಯ ಚಿತ್ರ ತೆಗೆದು ಕಳುಹಿಸಿ, “ಇಲ್ಲಿ ಸರಿಯಿದೆ, ಅಲ್ಲಿ ನೋಡಿ” ಎಂದು ಧೈರ್ಯವಾಗಿ ಹೇಳಿ. ಚಿತ್ರವನ್ನು ಆಫ್ ಮಾಡಿ ಧ್ವನಿ ಮಾತ್ರ ಇಟ್ಟುಕೊಂಡರೆ ಸಣ್ಣ ದಾರಿಯಲ್ಲೂ ಕರೆ ನಿಲ್ಲುತ್ತದೆ.

ನೆಟ್‌ನವರಿಗೆ ದೂರು ಕೊಡುವಾಗ “ವೈಫೈ ಬರ್ತಿಲ್ಲ” ಎಂದಷ್ಟೇ ಹೇಳಿದರೆ “ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರವೇ ಸಿಗುವುದು. “ಬೆಳಿಗ್ಗೆ ಹತ್ತರಿಂದ ಎಲ್.ಓ.ಎಸ್. ಕೆಂಪಾಗಿದೆ, ಯಾವ ಫೋನಿಗೂ ನೆಟ್ ಇಲ್ಲ, ಒಮ್ಮೆ ಆರಿಸಿ ನೋಡಿಯಾಗಿದೆ” ಎಂದು ಹೇಳಿ. ದೂರಿನ ಸಂಖ್ಯೆ ಕೇಳಿ, ಕ್ಯಾಲೆಂಡರ್‌ನಲ್ಲಿ ಆ ದಿನದ ಎದುರು ಬರೆದಿಡಿ. ಎರಡನೆಯ ಸಲ ಕರೆ ಮಾಡಬೇಕಾಗಿ ಬಂದಾಗ ಆ ಸಂಖ್ಯೆಯನ್ನೇ ಮೊದಲು ಹೇಳಿ.